ಜೀವಕೋಶದ ಹೊಸ್ತಿಲಲ್ಲಿ ನೂರು ವರ್ಷ

ತಿಪ್ಪೆಯ ಅಂಚಿನಲ್ಲಿ, ಪಾಳುಬಿದ್ದ ಜಾಗದಲ್ಲಿ ಯಾರೂ ನೆಡದೆ ಬೆಳೆಯುವ ಗಿಡ ದತ್ತೂರ. ಕೆಲವೆಡೆ ಉಮ್ಮತ್ತಿ ಎನ್ನುತ್ತಾರೆ. ಅದರ ತುತ್ತೂರಿಯಂಥ ಹೂವು ಶಿವಪೂಜೆಗೆ ಸಲ್ಲುತ್ತದೆ. ಮುಳ್ಳುಕಾಯಿ ಮಾತ್ರ ಮಕ್ಕಳ ಕೈಗೆ ಸಿಗಬಾರದೆಂದು ಹಿರಿಯರು ಕಿತ್ತು ಬಿಸಾಡುತ್ತಾರೆ. ತಿಳಿಯದೆ ಬೀಜ ತಿಂದವರ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಕಣ್ಣಿನ ಪಾಪೆ ಅಗಲವಾಗಿ ಬೆಳಕು ಚುಚ್ಚುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಮೈ ಕಾಯುತ್ತದೆ. ಆಮೇಲೆ ಎದುರಿಗೆ ಇಲ್ಲದವರ ಜತೆ ಮಾತು ಶುರುವಾಗುತ್ತದೆ.

ನುಂಗಿದ ವಿಷ ರಕ್ತದ ಜತೆ ಸೇರಿ ಮೈಯ ಮೂಲೆಮೂಲೆಗೂ ಹೋಗುತ್ತದೆ. ಹಾಗಿದ್ದೂ ಅದರ ಕೆಲಸ ನಡೆಯುವುದು ಕೆಲವೇ ಕಡೆ: ಜೊಲ್ಲಿನ ಗ್ರಂಥಿ, ಕಣ್ಣಿನ ಪಾಪೆ, ಹೃದಯ, ಕರುಳು, ಮಿದುಳು. ತೋಳಿನ ಸ್ನಾಯುವನ್ನು ಅದು ಮುಟ್ಟುವುದಿಲ್ಲ. ಒಂದೇ ರಸ ಒಂದು ಅಂಗವನ್ನು ಕೆಣಕಿ ಇನ್ನೊಂದರ ಪಕ್ಕದಲ್ಲೇ ಸುಮ್ಮನೆ ಹಾದುಹೋಗುವುದು ಹೇಗೆ?

ಉತ್ತರ ಇರುವುದು ಜೀವಕೋಶದ ಹೊರಪೊರೆಯಲ್ಲಿ. ಅಲ್ಲಿ ಕಾವಲುಗಾರರಂತೆ ನಿಂತಿರುವ ಪ್ರೋಟೀನುಗಳಿವೆ. ವಿಜ್ಞಾನದ ಪುಸ್ತಕಗಳು ಅವನ್ನು ಗ್ರಾಹಿ ಎನ್ನುತ್ತವೆ, ವೈದ್ಯರು ರಿಸೆಪ್ಟರ್ ಎನ್ನುತ್ತಾರೆ. ತನಗೆ ಒಗ್ಗುವ ಅಣು ಬಂದು ಕೂತರೆ ಗ್ರಾಹಿಯ ಆಕಾರ ಬದಲಾಗುತ್ತದೆ. ಆ ಅಲುಗಾಟವೇ ಕೋಶದ ಒಳಕ್ಕೆ ಸುದ್ದಿಯಾಗಿ ತಲುಪುತ್ತದೆ. ಬಂದ ಅಣು ಹೊಸ್ತಿಲು ದಾಟಬೇಕಾಗಿಯೇ ಇಲ್ಲ. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಗ್ರಾಹಿಗಳ ಒಂದೇ ಕುಟುಂಬದ ಮೇಲೆ ಕೆಲಸ ಮಾಡುತ್ತವೆ.

ಆದರೆ ಗ್ರಾಹಿಯನ್ನು ಯಾರೂ ಮೊದಲು ಕಂಡು ಆಮೇಲೆ ನಂಬಿದ್ದಲ್ಲ. ಕೋಳಿಯ ಕಾಲು, ಬೆಕ್ಕಿನ ಜೊಲ್ಲು, ಕಪ್ಪೆಯ ಹೃದಯಗಳನ್ನು ನೋಡುತ್ತ ಅಲ್ಲೊಂದು ವಸ್ತು ಇರಲೇಬೇಕು ಎಂದು ಕೆಲವರು ತರ್ಕಿಸಿದರು. ಅದರ ರೂಪ ಕಣ್ಣಿಗೆ ಬೀಳುವ ಮೊದಲೇ ಅದನ್ನು ನಂಬಿ ಮಾತ್ರೆ ಮಾಡಿದರು. ಔಷಧ ತಯಾರಿಕೆಯ ಕಸುಬು ತಲೆಕೆಳಗಾದದ್ದು ಅಲ್ಲಿ. ಅದುವರೆಗೆ ಬೇರು, ಬೀಜ, ತೊಗಟೆಗಳು ಮೊದಲು ಸಿಗುತ್ತಿದ್ದವು, ಅವು ತಟ್ಟುವ ಬಾಗಿಲು ಯಾವುದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅನಂತರ ಬಾಗಿಲನ್ನು ಮೊದಲು ಗುರುತಿಸಿ, ಅದಕ್ಕೆ ಹೊಂದುವ ಅಣುವನ್ನು ಕೆತ್ತುವ ಕಾಲ ಬಂತು.

ಬೆಕ್ಕಿನ ಜೊಲ್ಲು, ಕೋಳಿಯ ಕಾಲು

1870ರ ದಶಕದಲ್ಲಿ ಬ್ರೆಜಿಲ್‌ನಿಂದ ಯುರೋಪಿಗೆ ಜಬೊರಾಂಡಿ ಎಂಬ ಗಿಡದ ಎಲೆ ಬಂತು. ಅದರ ಕಷಾಯ ಕುಡಿದವರಿಗೆ ಬೆವರು ಕಿತ್ತುಬರುತ್ತಿತ್ತು, ಬಾಯಿಯಿಂದ ಜೊಲ್ಲು ಧಾರೆಯಾಗಿ ಸುರಿಯುತ್ತಿತ್ತು. ಕೇಂಬ್ರಿಜ್‌ನ ಶರೀರಕ್ರಿಯಾ ವಿಜ್ಞಾನದ ಗುರು ಮೈಕೇಲ್ ಫಾಸ್ಟರ್ ಆ ಗಿಡದ ಸಾರವನ್ನು ತಮ್ಮ ಎಳೆಯ ಶಿಷ್ಯ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿಯ ಕೈಗಿತ್ತು ಪರೀಕ್ಷಿಸಲು ಹೇಳಿದರು.

ಲ್ಯಾಂಗ್ಲಿ ಬೆಕ್ಕಿನ ಜೊಲ್ಲುಗ್ರಂಥಿಯನ್ನು ಆರಿಸಿಕೊಂಡರು. ಜಬೊರಾಂಡಿಯಲ್ಲಿರುವ ಪೈಲೊಕಾರ್ಪಿನ್ ಕೊಟ್ಟರೆ ಜೊಲ್ಲು ಹರಿಯುತ್ತದೆ. ಆಟ್ರೊಪಿನ್ ಕೊಟ್ಟರೆ ನಿಲ್ಲುತ್ತದೆ. ನಮ್ಮ ದತ್ತೂರದ ಬೀಜದಲ್ಲಿರುವುದೂ ಈ ಆಟ್ರೊಪಿನ್ ಮತ್ತು ಅದರ ದಾಯಾದಿಗಳೇ. ಇಷ್ಟು ಬೇರೆಯವರಿಗೂ ಗೊತ್ತಿತ್ತು. ಲ್ಯಾಂಗ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಟ್ರೊಪಿನ್‌ನಿಂದ ಒಣಗಿದ ಗ್ರಂಥಿಗೆ ಪೈಲೊಕಾರ್ಪಿನ್ ಪ್ರಮಾಣ ಹೆಚ್ಚಿಸಿದರೆ ಜೊಲ್ಲು ಮತ್ತೆ ಹನಿಯಿತು. ಆಟ್ರೊಪಿನ್ ಹೆಚ್ಚಿಸಿದರೆ ಮತ್ತೆ ನಿಂತಿತು. ಗೆಲ್ಲುವುದು ಯಾವುದೆಂಬುದನ್ನು ಎರಡರ ಪ್ರಮಾಣ ತೀರ್ಮಾನಿಸುತ್ತಿತ್ತು. ಹಾಗಾದರೆ ಎರಡೂ ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿರಬೇಕು, ಗ್ರಂಥಿಯ ಕೋಶದಲ್ಲೋ ನರದ ತುದಿಯಲ್ಲೋ ಇರುವ ಯಾವುದೋ ವಸ್ತುವಿನೊಡನೆ ಕೂಡಿಕೊಳ್ಳುತ್ತಿರಬೇಕು ಎಂದು 1878ರಲ್ಲಿ ಅವರು ಬರೆದರು.

ಆ ಊಹೆಗೆ ಗಟ್ಟಿ ಆಧಾರ ಸಿಗಲು 27 ವರ್ಷ ಹಿಡಿಯಿತು. 1905ರಲ್ಲಿ ಲ್ಯಾಂಗ್ಲಿಯ ಮೇಜಿನ ಮೇಲೆ ಇದ್ದದ್ದು ಅರಿವಳಿಕೆ ಕೊಟ್ಟ ಕೋಳಿ. ಅದರ ರಕ್ತನಾಳಕ್ಕೆ ತುಸುವೇ ನಿಕೋಟಿನ್ ಹೋದರೆ ಕಾಲಿನ ಸ್ನಾಯುಗಳು ಬಿಗಿದು ಸೆಟೆದುಕೊಳ್ಳುತ್ತಿದ್ದವು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುವ ಕ್ಯೂರಾರೆ ವಿಷವನ್ನು ಕೊಟ್ಟರೆ ಕಾಲು ಮತ್ತೆ ಸಡಿಲ. ನಿಕೋಟಿನ್ ನರವನ್ನು ಕೆಣಕುತ್ತದೆ, ನರ ಸ್ನಾಯುವನ್ನು ಎಳೆಯುತ್ತದೆ ಎಂಬುದು ಆಗಿನ ವಾಡಿಕೆಯ ವಿವರಣೆ. ಲ್ಯಾಂಗ್ಲಿ ನರವನ್ನೇ ಕತ್ತರಿಸಿ, ಅದರ ತುದಿಗಳು ಪೂರ್ತಿ ಸಾಯುವವರೆಗೆ ದಿನಗಟ್ಟಲೆ ಕಾದರು. ಆಮೇಲೆ ನಿಕೋಟಿನ್ ಕೊಟ್ಟರೂ ಕಾಲು ಸೆಟೆಯಿತು. ಅಂದರೆ ನಿಕೋಟಿನ್ ತಟ್ಟಿದ್ದು ಸ್ನಾಯುವನ್ನೇ. ಕ್ಯೂರಾರೆ ಹೊಕ್ಕ ಸ್ನಾಯುವಿಗೆ ನೇರವಾಗಿ ವಿದ್ಯುತ್ ಮುಟ್ಟಿಸಿದರೆ ಅದು ಕುಗ್ಗುತ್ತಿತ್ತು. ಆದ್ದರಿಂದ ಕ್ಯೂರಾರೆ ಸ್ನಾಯುವಿನ ಕುಗ್ಗುವ ಶಕ್ತಿಯನ್ನು ಕೆಡಿಸಿರಲಿಲ್ಲ. ನರದ ಅಪ್ಪಣೆಯನ್ನು ಕೇಳಿಸಿಕೊಳ್ಳುವ ಬೇರೊಂದು ಭಾಗ ಸ್ನಾಯುಕೋಶದಲ್ಲಿದೆ, ಎರಡೂ ವಿಷಗಳು ಕೂಡುವುದು ಅಲ್ಲಿ. ಅದನ್ನು ಅವರು ಗ್ರಹಿಸುವ ವಸ್ತು ಎಂದು ಕರೆದರು.

ಅದೇ ಹೊತ್ತಿಗೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಪಾಲ್ ಎರ್ಲಿಕ್ ಬೇರೆ ದಾರಿಯಿಂದ ಅಲ್ಲಿಗೇ ಬರುತ್ತಿದ್ದರು. ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಕೆಲವು ಒಂದು ಅಂಗಾಂಶಕ್ಕೆ ಹತ್ತುತ್ತವೆ, ಇನ್ನೊಂದಕ್ಕೆ ಹತ್ತುವುದಿಲ್ಲ ಎಂಬುದನ್ನು ಅವರು ವಿದ್ಯಾರ್ಥಿಯಾಗಿದ್ದಾಗಿನಿಂದ ನೋಡುತ್ತ ಬಂದಿದ್ದರು. ಡಿಫ್ತೀರಿಯಾದ ನಂಜು ಕೋಶಕ್ಕೆ ಅಂಟುವ ಬಗೆಯನ್ನು ವಿವರಿಸಲು 1897ರಲ್ಲಿ ಅವರು ಕೋಶಕ್ಕೆ ಪಕ್ಕದ ತೋಳುಗಳಿವೆ ಎಂದು ಕಲ್ಪಿಸಿದರು. 1900ರಲ್ಲಿ ಆ ತೋಳುಗಳಿಗೆ ರಿಸೆಪ್ಟರ್ ಎಂಬ ಹೆಸರು ಬಂತು. ಮಾಮೂಲಿ ಔಷಧಗಳು ಸುಲಭವಾಗಿ ತೊಳೆದುಹೋಗುತ್ತವೆ, ಆದ್ದರಿಂದ ಅವಕ್ಕೆ ಗ್ರಾಹಿಗಳಿರಲಾರವು ಎಂದು ಎರ್ಲಿಕ್ ಮೊದಲು ನಂಬಿದ್ದರು. ಲ್ಯಾಂಗ್ಲಿಯ ಕೋಳಿ ಪ್ರಯೋಗಗಳನ್ನು ಓದಿದ ಮೇಲೆ ಆ ನಿಲುವನ್ನು ಬದಲಿಸಿಕೊಂಡರು.

ನಂಬದ ದಶಕಗಳು

ಹೆಸರು ಸಿಕ್ಕಿತು, ಮರ್ಯಾದೆ ಸಿಗಲಿಲ್ಲ. ಗ್ರಾಹಿ ಎಂಬ ಮಾತನ್ನು ತೀರ ಅನುಮಾನದಿಂದ ನೋಡಿದವರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಒಬ್ಬರು. ವಿಶೇಷವೆಂದರೆ, ಗ್ರಾಹಿಗಳ ಇತಿಹಾಸದ ಒಂದು ದೊಡ್ಡ ಸುಳಿವು ಬಿದ್ದದ್ದು ಅವರ ಮೇಜಿನ ಮೇಲೆಯೇ.

ವೆಲ್‌ಕಂ ಪ್ರಯೋಗಾಲಯಕ್ಕೆ ಡೇಲ್ ಆಗತಾನೆ ಸೇರಿದ್ದರು. ರೈ ಎಂಬ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಶಿಲೀಂಧ್ರದ ಸಾರ ಅವರ ಅಧ್ಯಯನದ ವಸ್ತು. ಕಾರ್ಖಾನೆಯಿಂದ ಅಡ್ರಿನಲ್ ಗ್ರಂಥಿಯ ಸಾರದ ಮಾದರಿ ಬಂದಾಗ, ಬೆಳಿಗ್ಗೆ ಎರ್ಗಟ್ ಕೊಟ್ಟಿದ್ದ ಬೆಕ್ಕಿನ ಮೇಲೆಯೇ ಅದನ್ನೂ ಪರೀಕ್ಷಿಸಿದರು. ಅಡ್ರಿನಲಿನ್ ಇದ್ದರೆ ರಕ್ತದೊತ್ತಡ ಜಿಗಿಯಬೇಕು. ಇಲ್ಲಿ ಕುಸಿಯಿತು. ಮಾಲು ಸರಿಯಿಲ್ಲ ಎಂದು ವರದಿ ಕಳಿಸಿದರು. ಮುಂದಿನ ಮಾದರಿಯಲ್ಲೂ ಅದೇ ಆಯಿತು. ಆಗ ಅವರಿಗೆ ಹೊಳೆಯಿತು: ಕೆಟ್ಟದ್ದು ಮಾಲಲ್ಲ, ಎರ್ಗಟ್ ಅಡ್ರಿನಲಿನ್‌ನ ಒಂದು ಕೆಲಸವನ್ನು ಮುಚ್ಚಿಹಾಕಿ ಇನ್ನೊಂದನ್ನು ಬಯಲು ಮಾಡುತ್ತಿದೆ. 1906ರಲ್ಲಿ ಇದನ್ನು ಪ್ರಕಟಿಸಿದರು. ಆದರೆ ಎರಡು ಕೆಲಸಕ್ಕೆ ಎರಡು ಬಗೆಯ ಗ್ರಾಹಿಗಳಿವೆ ಎಂಬ ಮಾತನ್ನು ಅವರು ಆಡಲಿಲ್ಲ.

ಆ ಮಾತನ್ನು ಆಡಿದ್ದು 42 ವರ್ಷಗಳ ಮೇಲೆ, ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ಊರಿನ ವೈದ್ಯಕೀಯ ಕಾಲೇಜಿನ ರೇಮಂಡ್ ಆಲ್‌ಕ್ವಿಸ್ಟ್. ಮುಟ್ಟಿನ ನೋವಿಗೆ ಗರ್ಭಕೋಶವನ್ನು ಸಡಿಲಿಸುವ ಔಷಧ ಹುಡುಕಲು ಹೊರಟವರು ಅವರು. ಅಡ್ರಿನಲಿನ್ ಮತ್ತು ಅದರ ಬಂಧುಗಳಾದ ಕೆಲವು ಅಣುಗಳನ್ನು ಒಂದೊಂದು ಅಂಗದ ಮೇಲೂ ಪ್ರಯೋಗಿಸಿ, ಯಾವುದು ಎಷ್ಟು ಬಲಶಾಲಿ ಎಂದು ಸಾಲಾಗಿ ಬರೆದರು. ಸಾಲುಗಳು ಎರಡೇ ಎರಡು ಬಗೆಯಾಗಿ ಒಡೆದವು. ರಕ್ತನಾಳವನ್ನು ಬಿಗಿಸುವಲ್ಲಿ ಒಂದು ಅಣು ಮುಂದಿದ್ದರೆ, ಹೃದಯವನ್ನು ಓಡಿಸುವಲ್ಲಿ ಅದೇ ಅಣು ಕೊನೆಗೆ ಬೀಳುತ್ತಿತ್ತು. ಒಂದೇ ಗ್ರಾಹಿ ಇದ್ದಿದ್ದರೆ ಎಲ್ಲ ಅಂಗಗಳಲ್ಲೂ ಒಂದೇ ಸಾಲು ಬರಬೇಕಿತ್ತು. ಅವರು ಗ್ರಾಹಿಗಳನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದರು. ಡೇಲ್‌ನ ಬೆಕ್ಕಿನ ಒಗಟೂ ಬಿಡಿಸಿಕೊಂಡಿತು: ಎರ್ಗಟ್ ಮುಚ್ಚಿದ್ದು ಆಲ್ಫಾ ಬಾಗಿಲನ್ನು, ತೆರೆದೇ ಉಳಿದ ಬೀಟಾ ರಕ್ತನಾಳವನ್ನು ಹಿಗ್ಗಿಸಿತು.

ಔಷಧ ವಿಜ್ಞಾನದ ಹೆಸರಾಂತ ನಿಯತಕಾಲಿಕವೊಂದು ಈ ಪ್ರಬಂಧವನ್ನು ಹಿಂದಿರುಗಿಸಿತು. 1948ರಲ್ಲಿ ಅದು ಬೇರೆ ಪತ್ರಿಕೆಯಲ್ಲಿ ಅಚ್ಚಾಯಿತು, ಹೆಚ್ಚಿನವರು ಓದಲಿಲ್ಲ. ಎರಡು ದಶಕಗಳಾಚೆಯೂ, ಗ್ರಾಹಿ ಎಂದರೆ ಅಂಗಗಳ ವರ್ತನೆಯನ್ನು ವಿವರಿಸಲು ಮಾಡಿಕೊಂಡ ಒಂದು ಅಮೂರ್ತ ಕಲ್ಪನೆ ಎಂದೇ ಆಲ್‌ಕ್ವಿಸ್ಟ್ ಬರೆಯುತ್ತಿದ್ದರು. ಆಲ್ಫಾ ಬೀಟಾಗಳಿಗೆ ಹೆಸರಿಟ್ಟವರೇ ಅವನ್ನು ವಸ್ತುಗಳೆಂದು ಖಚಿತವಾಗಿ ಹೇಳಲು ಹಿಂಜರಿದರು.

ಬೀಟಾ ಬಾಗಿಲಿಗೆ ಬೀಗ

ಆ ಪ್ರಬಂಧದ ಸಾರವನ್ನು ಒಂದು ಪಠ್ಯಪುಸ್ತಕದಲ್ಲಿ ಓದಿ, ಅದನ್ನು ನಿಜವೆಂದೇ ಹಿಡಿದು ಹೊರಟವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಗಣಿ ಎಂಜಿನಿಯರ್ ಒಬ್ಬರ ಮಗ. ಸೇಂಟ್ ಆಂಡ್ರೂಸ್‌ನಲ್ಲಿ ವೈದ್ಯಕೀಯ ಓದಿ, ಮೈಮೇಲಿದ್ದ ಸಾಲ ತೀರಿಸಲು ಸಿಂಗಪುರದಲ್ಲಿ ಮೂರು ವರ್ಷ ಪಾಠ ಹೇಳಿ, ಆಮೇಲೆ ಗ್ಲಾಸ್ಗೋದ ಪಶುವೈದ್ಯ ಶಾಲೆಯಲ್ಲಿ ಶರೀರಕ್ರಿಯಾ ವಿಭಾಗ ಕಟ್ಟಿದವರು.

ಆಗ ಎದೆನೋವಿನ ರೋಗಿಗೆ ವೈದ್ಯರು ಯೋಚಿಸುತ್ತಿದ್ದದ್ದು ಒಂದೇ ದಿಕ್ಕಿನಲ್ಲಿ: ಹೃದಯಕ್ಕೆ ರಕ್ತ ಸಾಲುತ್ತಿಲ್ಲ, ರಕ್ತನಾಳ ಹಿಗ್ಗಿಸಿ. ಬ್ಲ್ಯಾಕ್ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕಿದರು. ಗಾಬರಿಯಾದಾಗ, ಮೆಟ್ಟಿಲು ಹತ್ತಿದಾಗ ಅಡ್ರಿನಲಿನ್ ಬೀಟಾ ಗ್ರಾಹಿಗಳನ್ನು ತಟ್ಟಿ ಹೃದಯವನ್ನು ಓಡಿಸುತ್ತದೆ. ಓಡುವ ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕು, ಕಿರಿದಾದ ನಾಳ ಅದನ್ನು ಪೂರೈಸಲಾರದು, ಅದಕ್ಕೇ ನೋವು. ಪೂರೈಕೆ ಹೆಚ್ಚಿಸಲು ಆಗದಿದ್ದರೆ ಬೇಡಿಕೆಯನ್ನು ಇಳಿಸಬಹುದಲ್ಲ? ಬೀಟಾ ಬಾಗಿಲಿಗೆ ಬೀಗ ಹಾಕುವ ಅಣು ಸಿಕ್ಕರೆ ಸಾಕು.

1958ರಲ್ಲಿ ಅವರು ಈ ಒಂದೇ ಯೋಚನೆಯೊಡನೆ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯ ಔಷಧ ವಿಭಾಗಕ್ಕೆ ಸೇರಿದರು. ಅದೇ ವರ್ಷ ಅಮೆರಿಕದ ಲಿಲಿ ಕಂಪನಿಯವರು ಡೈಕ್ಲೋರೊಐಸೊಪ್ರೆನಲಿನ್ ಎಂಬ ಅಣುವನ್ನು ವರದಿ ಮಾಡಿದ್ದರು. ಅದು ಬೀಟಾ ಗ್ರಾಹಿಗೆ ಅಂಟಿ ಅಡ್ರಿನಲಿನ್‌ಗೆ ಅಡ್ಡ ನಿಲ್ಲುತ್ತಿತ್ತು, ಆದರೆ ತಾನೂ ತುಸು ಹೃದಯವನ್ನು ಕೆಣಕುತ್ತಿತ್ತು. ಬ್ಲ್ಯಾಕ್ ಜತೆಗಿದ್ದ ರಸಾಯನ ವಿಜ್ಞಾನಿ ಜಾನ್ ಸ್ಟೀಫನ್‌ಸನ್ ಅದರ ಎರಡು ಕ್ಲೋರಿನ್ ತೆಗೆದು ಆ ಜಾಗಕ್ಕೆ ಇನ್ನೊಂದು ಇಂಗಾಲದ ಉಂಗುರ ಜೋಡಿಸಿದರು. ಪ್ರೊನೆಥಲಾಲ್ ಹುಟ್ಟಿತು. ರೋಗಿಗಳಿಗೆ ನೆಮ್ಮದಿ ಸಿಕ್ಕಿತು, ಆದರೆ ದೀರ್ಘಕಾಲ ಕೊಟ್ಟ ಇಲಿಗಳಲ್ಲಿ ಗಡ್ಡೆ ಕಾಣಿಸಿತು. ಅಣುವನ್ನು ಮತ್ತೆ ತಿದ್ದಿದರು. 1964ರಲ್ಲಿ ವೈದ್ಯಲೋಕಕ್ಕೆ ಪರಿಚಯವಾಗಿ, ಮರುವರ್ಷ ಇಂಡೆರಾಲ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದದ್ದು ಪ್ರೊಪ್ರನಲಾಲ್.

ಬಾಗಿಲಿಗೆ ಬೀಗ ಹಾಕುವ ಕೆಲಸದಲ್ಲಿ ಬೇರೆ ಬಾಗಿಲೂ ಮುಚ್ಚಿಕೊಳ್ಳಬಹುದು. ಶ್ವಾಸನಾಳವನ್ನು ಸಡಿಲಿಸುವುದೂ ಬೀಟಾ ಗ್ರಾಹಿಯೇ. ಆದ್ದರಿಂದ ಉಬ್ಬಸದವರಿಗೆ ಪ್ರೊಪ್ರನಲಾಲ್ ಅಪಾಯ. 1967ರಲ್ಲಿ ಬೀಟಾ ಗ್ರಾಹಿಯೂ ಒಂದಲ್ಲ, ಎರಡು ಎಂದು ತಿಳಿಯಿತು: ಹೃದಯದಲ್ಲಿ ಹೆಚ್ಚಾಗಿ ಬೀಟಾ-1, ಶ್ವಾಸನಾಳದಲ್ಲಿ ಬೀಟಾ-2. ಆ ವ್ಯತ್ಯಾಸ ಎರಡು ಕಡೆಗೂ ಔಷಧ ಕೊಟ್ಟಿತು. ಬೀಟಾ-1ನ್ನು ಹೆಚ್ಚಾಗಿ ಹಿಡಿಯುವ ಅಟೆನಲಾಲ್, ಮೆಟೊಪ್ರಲಾಲ್ ಬಿ.ಪಿ. ಮಾತ್ರೆಗಳಾದವು. ಬೀಟಾ-2ನ್ನು ತೆರೆಯುವ ಸಾಲ್ಬುಟಮಾಲ್ 1969ರಲ್ಲಿ ಬಂದು ಉಬ್ಬಸದವರ ಜೇಬು ಸೇರಿತು. ಉಸಿರು ಕಟ್ಟಿದಾಗ ಬಾಯಿಗಿಟ್ಟು ಒತ್ತುವ ಆ ಇನ್‌ಹೇಲರ್, ಆಲ್‌ಕ್ವಿಸ್ಟರ ಸಾಲುಪಟ್ಟಿಯ ನೇರ ವಾರಸುದಾರ.

ಪ್ರೊಪ್ರನಲಾಲ್ ನಿಜಕ್ಕೂ ಜೀವ ಉಳಿಸುತ್ತದೆಯೇ? ಅಮೆರಿಕದಲ್ಲಿ ಹೃದಯಾಘಾತದಿಂದ ಪಾರಾದ 3837 ಜನರ ಮೇಲೆ ನಡೆದ ಪರೀಕ್ಷೆಯನ್ನು 1981ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಸುಮಾರು ಕಾಲುಭಾಗ ಕಡಿಮೆ ಇತ್ತು. ಉಳಿದವರಿಗೆ ಅದನ್ನು ಕೊಡದೆ ಪರೀಕ್ಷೆ ಮುಂದುವರಿಸುವುದು ನ್ಯಾಯವಲ್ಲ ಎಂದು ನಿರ್ಧರಿಸಿದರು.

ಹೊಟ್ಟೆಯ ಹುಣ್ಣು

ಬ್ಲ್ಯಾಕ್ ಅಷ್ಟಕ್ಕೆ ಕೂರಲಿಲ್ಲ. 1964ರಲ್ಲೇ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯ ವೆಲ್ವಿನ್ ಗಾರ್ಡನ್ ಸಿಟಿ ಪ್ರಯೋಗಾಲಯಕ್ಕೆ ಹೋದರು. ಈ ಸಲದ ಎದುರಾಳಿ ಹಿಸ್ಟಮಿನ್. ಇರುವೆ ಕಚ್ಚಿದ ಕಡೆ ದಪ್ಪಗಾಗುವುದಕ್ಕೆ, ಅಲರ್ಜಿಯಾಗಿ ಮೂಗು ಸುರಿಯುವುದಕ್ಕೆ ಕಾರಣವಾಗುವ ಈ ರಾಸಾಯನಿಕವೇ ಜಠರದಲ್ಲಿ ಆಮ್ಲವನ್ನೂ ಸುರಿಸುತ್ತದೆ. ತುರಿಕೆಗೆ ಕೊಡುವ ಹಳೆಯ ಹಿಸ್ಟಮಿನ್ ವಿರೋಧಿ ಮಾತ್ರೆಗಳು ಮೂಗನ್ನು ಒಣಗಿಸುತ್ತಿದ್ದವು, ಆಮ್ಲಕ್ಕೆ ಏನೂ ಮಾಡುತ್ತಿರಲಿಲ್ಲ. ಬ್ಲ್ಯಾಕ್‌ಗೆ ಇದು ಪರಿಚಿತ ಚಿತ್ರ. ಇಲ್ಲೂ ಎರಡನೇ ಬಗೆಯ ಗ್ರಾಹಿ ಇರಬೇಕು.

ಆಗ ಹೊಟ್ಟೆಯ ಹುಣ್ಣಿಗೆ ಇದ್ದ ಉಪಾಯಗಳು ಮೂರು: ಸಪ್ಪೆ ಪಥ್ಯ, ಆಮ್ಲ ತಗ್ಗಿಸುವ ಬಿಳಿ ಔಷಧ, ಅದಕ್ಕೂ ಬಗ್ಗದಿದ್ದರೆ ಜಠರದ ಭಾಗವನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ. ರಾಬಿನ್ ಗನೆಲಿನ್, ಗ್ರಹಾಂ ಡ್ಯುರಾಂಟ್, ಜಾನ್ ಎಮೆಟ್ ಎಂಬ ರಸಾಯನ ವಿಜ್ಞಾನಿಗಳು ಹಿಸ್ಟಮಿನ್ ಅಣುವಿನ ಬಾಲವನ್ನು, ತಲೆಯನ್ನು ಒಂದಿಷ್ಟಿಷ್ಟೇ ಬದಲಿಸಿ ಹೊಸ ಅಣುಗಳನ್ನು ಕಟ್ಟಿದರು. ಅವನ್ನು ಇಲಿಯ ಜಠರಕ್ಕೆ ಹಾಯಿಸಿ ಆಮ್ಲ ಇಳಿಯುತ್ತದೆಯೇ ನೋಡುತ್ತಿದ್ದರು. ನಾಲ್ಕು ವರ್ಷ, ಸುಮಾರು 200 ಅಣು, ಒಂದೂ ಇಳಿಸಲಿಲ್ಲ. ಕಂಪನಿಯವರ ತಾಳ್ಮೆ ತೀರುತ್ತ ಬಂದಿತ್ತು. ಮೊದಮೊದಲು ಮಾಡಿ ಬದಿಗಿಟ್ಟಿದ್ದ ಒಂದು ಅಣುವನ್ನು ಮತ್ತೆ ತೆಗೆದು ಪರೀಕ್ಷಿಸಿದಾಗ ಅದರಲ್ಲಿ ಬಹಳ ಸಣ್ಣ ತಡೆಯುವ ಗುಣ ಕಾಣಿಸಿತು. ಅದು ಅರೆಬರೆ ಬೀಗ: ಬಾಗಿಲನ್ನು ಸ್ವಲ್ಪ ತೆರೆಯುತ್ತಲೂ ಇತ್ತು, ಸ್ವಲ್ಪ ಅಡ್ಡ ನಿಲ್ಲುತ್ತಲೂ ಇತ್ತು.

ಆ ಎಳೆಯನ್ನು ಹಿಡಿದು ಬುರಿಮಮೈಡ್ ತಲುಪಿದರು. 1972ರಲ್ಲಿ ಹಿಸ್ಟಮಿನ್‌ಗೆ ಎಚ್-2 ಎಂಬ ಎರಡನೇ ಬಗೆಯ ಗ್ರಾಹಿ ಇದೆ ಎಂದು ಜಗತ್ತಿಗೆ ಸಾರಿದರು. ಬುರಿಮಮೈಡ್ ಬಾಯಿಯ ಮೂಲಕ ಕೊಟ್ಟರೆ ಸಾಲುತ್ತಿರಲಿಲ್ಲ. ಮುಂದಿನ ಮೆಟಿಯಮೈಡ್ ಚೆನ್ನಾಗಿ ಕೆಲಸ ಮಾಡಿತು, ಆದರೆ ಕೆಲವು ರೋಗಿಗಳ ಬಿಳಿ ರಕ್ತಕಣಗಳು ಕುಸಿದವು. ಗಂಧಕವಿದ್ದ ಭಾಗದ ಮೇಲೆ ಅನುಮಾನ ಬಿತ್ತು. ಅದನ್ನು ತೆಗೆದು ಬೇರೊಂದು ಗುಂಪು ಕೂರಿಸಿದಾಗ ಸಿಕ್ಕಿದ್ದು ಸಿಮೆಟಿಡಿನ್. 1976ರಲ್ಲಿ ಬ್ರಿಟನ್ನಿನಲ್ಲಿ ಟ್ಯಾಗಮೆಟ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಹುಣ್ಣಿನ ಶಸ್ತ್ರಚಿಕಿತ್ಸೆಗಳು ಇಳಿದವು. 1981ರಲ್ಲಿ ಗ್ಲ್ಯಾಕ್ಸೊ ಕಂಪನಿಯ ರಾನಿಟಿಡಿನ್ ಬಂದ ಮೇಲೆ ನಮ್ಮ ಮೆಡಿಕಲ್ ಶಾಪ್‌ಗಳಲ್ಲೂ ಗ್ಯಾಸ್ಟ್ರಿಕ್ ಮಾತ್ರೆ ಎಂದರೆ ಬಹುಕಾಲ ಅದೇ ಆಗಿತ್ತು. ಅನೇಕ ಹುಣ್ಣುಗಳ ಮೂಲ ಒಂದು ಬ್ಯಾಕ್ಟೀರಿಯಾ ಎಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿದ ಮೇಲೆ ಚಿಕಿತ್ಸೆಯ ದಾರಿ ಬದಲಾಯಿತು. ಆದರೂ ಬ್ಲ್ಯಾಕ್ ಹಾಕಿಕೊಟ್ಟ ಕ್ರಮ, ಎಂದರೆ ಗ್ರಾಹಿಯನ್ನು ಗುರುತಿಸಿ ಅದಕ್ಕೆ ತಕ್ಕ ಅಣು ಕಟ್ಟುವುದು, ಔಷಧ ಕಂಪನಿಗಳ ನಿತ್ಯದ ಕೆಲಸವಾಯಿತು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಅಷ್ಟರವರೆಗೂ ಎಚ್-2 ಗ್ರಾಹಿಯನ್ನು ಯಾರೂ ಬೇರ್ಪಡಿಸಿ ನೋಡಿರಲಿಲ್ಲ.

ಹೊಸ್ತಿಲಿನ ಒಳಗಡೆ

ಬಾಗಿಲು ತಟ್ಟಿದ ಸದ್ದು ಒಳಗಿನವರಿಗೆ ಕೇಳಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಇನ್ನೊಂದು ಸಾಲು ಜನ. ಅಮೆರಿಕದ ಅರ್ಲ್ ಸದರ್ಲೆಂಡ್ 1950ರ ದಶಕದಲ್ಲಿ ಯಕೃತ್ತಿನ ಕೋಶಗಳನ್ನು ಅರೆದರು. ಅಡ್ರಿನಲಿನ್ ಪೊರೆಯ ಚೂರುಗಳ ಮೇಲೆ ಬಿದ್ದಾಗ ಒಂದು ಸಣ್ಣ ವಸ್ತು ಹುಟ್ಟುತ್ತಿತ್ತು. ಕುದಿಸಿದರೂ ಕೆಡದ ಆ ವಸ್ತುವನ್ನು ಕೋಶದ ಉಳಿದ ರಸಕ್ಕೆ ಸೇರಿಸಿದರೆ, ಅಡ್ರಿನಲಿನ್ ಇಲ್ಲದೆಯೇ ಸಕ್ಕರೆ ಬಿಡುಗಡೆಯ ಕೆಲಸ ಶುರುವಾಗುತ್ತಿತ್ತು. ಅದೇ ಸೈಕ್ಲಿಕ್ ಎ.ಎಂ.ಪಿ. ಹಾರ್ಮೋನು ಹೊರಗಿನ ದೂತ, ಇದು ಒಳಗಿನ ಎರಡನೇ ದೂತ. ಇದಕ್ಕೆ 1971ರಲ್ಲಿ ನೊಬೆಲ್ ಸಂದಿತು.

ಇಬ್ಬರು ದೂತರ ನಡುವೆ ಮೂರನೆಯವರೊಬ್ಬರು ಇದ್ದರು. ಮಾರ್ಟಿನ್ ರಾಡ್‌ಬೆಲ್ ಎಂಬವರ ಪ್ರಯೋಗಾಲಯದಲ್ಲಿ ಬಳಸುತ್ತಿದ್ದ ಎ.ಟಿ.ಪಿ. ಎಂಬ ರಾಸಾಯನಿಕದ ಪುಡಿಯಲ್ಲಿ ಬೆರಕೆ ಇತ್ತು. ಶುದ್ಧ ಪುಡಿ ಬಳಸಿದಾಗ ಪ್ರಯೋಗವೇ ಕೈಕೊಟ್ಟಿತು. ಬೆರಕೆಯಾಗಿದ್ದ ಜಿ.ಟಿ.ಪಿ. ಎಂಬ ಅಣುವೇ ಅಲ್ಲಿ ಬೇಕಾಗಿದ್ದದ್ದು ಎಂದು ತಿಳಿಯಿತು. 1980ರಲ್ಲಿ ಆಲ್‌ಫ್ರೆಡ್ ಗಿಲ್‌ಮನ್ ತಂಡ ಆ ಜಿ.ಟಿ.ಪಿ.ಯನ್ನು ಹಿಡಿಯುವ ಪ್ರೋಟೀನನ್ನು ಬೇರ್ಪಡಿಸಿತು. ಅದಕ್ಕೆ ಜಿ-ಪ್ರೋಟೀನ್ ಎಂದು ಹೆಸರು. ಗ್ರಾಹಿ ಅಲುಗಿದಾಗ ಇದು ಹಳೆಯ ಅಣುವನ್ನು ಬಿಟ್ಟು ಜಿ.ಟಿ.ಪಿ. ಹಿಡಿಯುತ್ತದೆ, ಗ್ರಾಹಿಯಿಂದ ಕಳಚಿಕೊಂಡು ಪೊರೆಯ ಒಳಮೈಯಲ್ಲಿ ಜಾರಿ ಸೈಕ್ಲಿಕ್ ಎ.ಎಂ.ಪಿ. ಮಾಡುವ ಕಿಣ್ವವನ್ನು ಎಬ್ಬಿಸುತ್ತದೆ. ಎದ್ದ ಕಿಣ್ವ ಒಂದಾದ ಮೇಲೊಂದು ಅಣು ಮಾಡುತ್ತ ಹೋಗುವುದರಿಂದ ಹೊರಗಿನ ಒಂದು ಪಿಸುಮಾತು ಒಳಗೆ ಡಂಗುರವಾಗುತ್ತದೆ. ಸ್ವಲ್ಪ ಹೊತ್ತಿಗೆ ಜಿ-ಪ್ರೋಟೀನ್ ತಾನೇ ಜಿ.ಟಿ.ಪಿ.ಯನ್ನು ಒಡೆದು ಸುಮ್ಮನಾಗುತ್ತದೆ. ಸುಮ್ಮನಾಗುವ ಈ ಗುಣ ತಪ್ಪಿದರೆ ಏನಾದೀತು?

ಅದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಕಾಲರಾ ಸಾಯಿಸುವುದು ಬ್ಯಾಕ್ಟೀರಿಯಾ ರಕ್ತ ಸೇರುವುದರಿಂದಲ್ಲ, ಅದು ಕರುಳಿನಲ್ಲಿ ಸುರಿಸುವ ನಂಜಿನಿಂದ ಎಂದು ಕಲ್ಕತ್ತದ ಶಂಭುನಾಥ ಡೇ 1959ರಲ್ಲಿ ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಬ್ಯಾಕ್ಟೀರಿಯಾವನ್ನು ಪೂರ್ತಿ ಸೋಸಿ ತೆಗೆದ ನೀರಷ್ಟೇ ಸಾಕಾಗಿತ್ತು, ಕರುಳು ದ್ರವ ತುಂಬಿ ಉಬ್ಬಿತು. ಆ ನಂಜು ಮಾಡುವ ಕೆಲಸ ಆಮೇಲೆ ಬಿಡಿಸಿಕೊಂಡಿತು. ಅದು ಕರುಳಿನ ಕೋಶದ ಮೇಲ್ಮೈಗೆ ಅಂಟಿ, ಒಳಹೊಕ್ಕು, ಜಿ-ಪ್ರೋಟೀನನ್ನು ಎದ್ದ ಸ್ಥಿತಿಯಲ್ಲೇ ಜಡಿದುಬಿಡುತ್ತದೆ. ಸೈಕ್ಲಿಕ್ ಎ.ಎಂ.ಪಿ. ನಿಲ್ಲದೆ ಹುಟ್ಟುತ್ತದೆ, ಉಪ್ಪು ಹೊರಕ್ಕೆ ಸುರಿಯುತ್ತದೆ, ಅದರ ಹಿಂದೆ ನೀರು. ತೀವ್ರ ಕಾಲರಾದಲ್ಲಿ ರೋಗಿ ಗಂಟೆಗೆ ಒಂದು ಲೀಟರಿನಷ್ಟು ನೀರು ಕಳೆದುಕೊಳ್ಳಬಹುದು.

ಸೈಕ್ಲಿಕ್ ಎ.ಎಂ.ಪಿ. ಮಾಡುವ ಕಿಣ್ವವನ್ನು ಗ್ರಾಹಿಯ ಹಂಗಿಲ್ಲದೆ ಎಬ್ಬಿಸುವ ವಸ್ತುವೂ ಭಾರತದ ಮಣ್ಣಿನಿಂದಲೇ ಬಂತು. ಕರ್ನಾಟಕ, ತಮಿಳುನಾಡುಗಳಲ್ಲಿ ಬೇಸಾಯವಾಗುವ ಮಾಕಂದಿ ಬೇರಿನಿಂದ ಮುಂಬಯಿಯ ಹೋಕ್ಸ್ಟ್ ಸಂಶೋಧನಾ ಕೇಂದ್ರದವರು 1970ರ ದಶಕದಲ್ಲಿ ಫಾರ್ಸ್‌ಕೋಲಿನ್ ಬೇರ್ಪಡಿಸಿದರು. ಮೊಸರಿನಲ್ಲಿ ಉಪ್ಪಿನಕಾಯಿ ಹಾಕುವ ಮಾಗಳಿ ಬೇರು ಬೇರೆ, ಇದು ಬೇರೆ. ಗ್ರಾಹಿಯಲ್ಲಿ ದೋಷವೋ ಅದರ ಮುಂದಿನ ಕೊಂಡಿಯಲ್ಲೋ ಎಂದು ಪತ್ತೆಮಾಡಲು ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಈ ಬೇರಿನ ಸಾರವನ್ನು ಬಳಸುತ್ತವೆ.

ಕೊನೆಗೂ ಕಂಡದ್ದು

ಗ್ರಾಹಿಯನ್ನು ಕೈಯಲ್ಲಿ ಹಿಡಿಯಲು ಹೊರಟವರು ಹೃದ್ರೋಗ ತಜ್ಞ ರಾಬರ್ಟ್ ಲೆಫ್ಕೊವಿಟ್ಸ್. ವಿಕಿರಣ ಸೂಸುವ ಪರಮಾಣುವನ್ನು ಹಾರ್ಮೋನಿಗೆ ಅಂಟಿಸಿ, ಅದು ಪೊರೆಯ ಯಾವ ಭಾಗಕ್ಕೆ ಹಿಡಿಯುತ್ತದೆಂದು ಹಿಂಬಾಲಿಸುವುದು ಅವರ ಉಪಾಯ. 1973ರಿಂದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬೀಟಾ ಗ್ರಾಹಿಯ ಬೆನ್ನು ಹತ್ತಿದರು. ಪೊರೆಯಲ್ಲಿ ಅದು ಎಷ್ಟು ವಿರಳವೆಂದರೆ, ಶುದ್ಧ ರೂಪದಲ್ಲಿ ಪಡೆಯಲು ಸುಮಾರು ಲಕ್ಷಪಟ್ಟು ಸೋಸಬೇಕಾಯಿತು. 1986ರಲ್ಲಿ ಅವರ ತಂಡ ಮೆರ್ಕ್ ಕಂಪನಿಯವರ ಜತೆ ಸೇರಿ ಅದರ ಜೀನನ್ನು ಓದಿತು. ಆ ತಂಡದಲ್ಲಿದ್ದ ಬ್ರಯನ್ ಕೊಬಿಲ್ಕಾ ಮಿನೆಸೋಟದ ಸಣ್ಣ ಊರಿನ ಬೇಕರಿ ಮನೆತನದವರು.

ಓದಿದವರಿಗೆ ಅಚ್ಚರಿ ಕಾದಿತ್ತು. ಅಡ್ರಿನಲಿನ್ ಗ್ರಾಹಿಯ ಬರವಣಿಗೆ ಕಣ್ಣಿನ ಅಕ್ಷಿಪಟದಲ್ಲಿ ಬೆಳಕನ್ನು ಹಿಡಿಯುವ ರೊಡಾಪ್ಸಿನ್ ಪ್ರೋಟೀನನ್ನು ಹೋಲುತ್ತಿತ್ತು. ಎರಡೂ ಪೊರೆಯನ್ನು ಏಳು ಸಲ ಹೊಲಿದಂತೆ ಹಾದುಹೋಗುತ್ತವೆ. ಬೆಳಕು, ವಾಸನೆ, ಹಾರ್ಮೋನು, ಗಾಬರಿ ಎಲ್ಲವನ್ನೂ ಕೇಳಿಸಿಕೊಳ್ಳುವುದು ಒಂದೇ ವಂಶದ ಪ್ರೋಟೀನುಗಳು. ಮನುಷ್ಯನಲ್ಲಿ ಅವು ಸುಮಾರು 800 ಇವೆ; ಅರ್ಧದಷ್ಟು ವಾಸನೆಗೇ ಮೀಸಲು.

ಕೊಬಿಲ್ಕಾ ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋಗಿ, ಗ್ರಾಹಿಯನ್ನು ಹರಳುಗಟ್ಟಿಸಿ ಎಕ್ಸ್-ರೇ ಕಿರಣದಲ್ಲಿ ನೋಡಲು ಹೆಣಗಿದರು. ಪೊರೆಯಿಂದ ಬಿಡಿಸಿದರೆ ಅದು ಮುದ್ದೆಯಾಗುತ್ತಿತ್ತು. ಒಂದು ಕ್ಷಣ ಒಂದು ಆಕಾರ, ಮರುಕ್ಷಣ ಇನ್ನೊಂದು. 2007ರಲ್ಲಿ ಬೀಟಾ-2 ಗ್ರಾಹಿ ಮೊದಲ ಸಲ ಸ್ಪಷ್ಟವಾಗಿ ಕಾಣಿಸಿತು. 2011ರಲ್ಲಿ ಅದಕ್ಕಿಂತ ದೊಡ್ಡ ಚಿತ್ರ ಬಂತು: ಹೊರಗಡೆ ಅಣು ಕೂತಿದೆ, ಒಳಗಡೆ ಜಿ-ಪ್ರೋಟೀನ್ ಹಿಡಿದುಕೊಂಡಿದೆ, ಸುದ್ದಿ ದಾಟುತ್ತಿರುವ ಗಳಿಗೆಯಲ್ಲೇ ಗ್ರಾಹಿ ಸಿಕ್ಕಿಬಿದ್ದಿದೆ. ಆ ಜೋಡಿ ಬೇರೆಯಾಗದಂತೆ ಹಿಡಿದಿಟ್ಟದ್ದು ಲಾಮಾ ಎಂಬ ಒಂಟೆಯ ನೆಂಟನ ರಕ್ತದಿಂದ ಪಡೆದ ಪುಟ್ಟ ಪ್ರತಿಕಾಯ. ಮರುವರ್ಷ ಲೆಫ್ಕೊವಿಟ್ಸ್, ಕೊಬಿಲ್ಕಾ ಇಬ್ಬರಿಗೂ ನೊಬೆಲ್ ಬಂತು. ಲ್ಯಾಂಗ್ಲಿಯ ಕೋಳಿಯಿಂದ ಇಲ್ಲಿಗೆ ನೂರು ವರ್ಷ ಮೀರಿತ್ತು.

ಎಲ್ಲ ಗ್ರಾಹಿಗಳೂ ಈ ವಂಶದವಲ್ಲ. ಲ್ಯಾಂಗ್ಲಿಯ ನಿಕೋಟಿನ್ ತಟ್ಟಿದ್ದು ತಾನೇ ತೂಬಿನಂತೆ ತೆರೆದುಕೊಂಡು ಉಪ್ಪಿನ ಕಣಗಳನ್ನು ಒಳಬಿಡುವ ಬಗೆಯನ್ನು. ಇನ್ಸುಲಿನ್ ತಟ್ಟುವ ಗ್ರಾಹಿ ತಾನೇ ಕಿಣ್ವ. ಅಣು ಕೂತೊಡನೆ ತನ್ನ ಒಳಗಿನ ತುದಿಗೆ ಫಾಸ್ಫೇಟ್ ಗುರುತು ಹಚ್ಚಿಕೊಂಡು ಕೆಲಸ ಶುರುಮಾಡುತ್ತದೆ. ಈ ಬಗೆಗೇ ಸೇರಿದ ಹರ್-2 ಗ್ರಾಹಿ ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಅತಿಯಾಗಿ ಮೂಡಿ, ಬೆಳೆ ಬೆಳೆ ಎಂದು ಕೋಶಕ್ಕೆ ಬಿಡದೆ ಹೇಳುತ್ತಿರುತ್ತದೆ. ಅದಕ್ಕೆ ಅಂಟಿ ಬಾಯಿ ಮುಚ್ಚಿಸುವ ಟ್ರಾಸ್ಟುಜುಮಾಬ್ ಪ್ರತಿಕಾಯ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬೆಂಗಳೂರಿನ ಬಯೋಕಾನ್ ಕಂಪನಿ ಅದಕ್ಕೆ ಸಮನಾದ ಔಷಧವನ್ನು 2014ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದ ಮೊದಲ ಸಮಾನ ಟ್ರಾಸ್ಟುಜುಮಾಬ್ ಕೂಡ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳು ಜತೆಗೂಡಿ ಮಾಡಿದ್ದೇ.

ಇಷ್ಟೆಲ್ಲ ಹೊಸದು ಬಂದರೂ ಲ್ಯಾಂಗ್ಲಿ 1878ರಲ್ಲಿ ಬರೆದಿಟ್ಟ ಪೈಪೋಟಿ ಈಗಲೂ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಹೊಲಕ್ಕೆ ಹೊಡೆಯುವ ಆರ್ಗನೊಫಾಸ್ಫೇಟ್ ಕೀಟನಾಶಕ ಮೈಸೇರಿದವರನ್ನು ಹೊತ್ತು ತರುತ್ತಾರೆ. ನರಗಳು ಬಿಡುವ ಅಸಿಟೈಲ್‌ಕೋಲಿನ್ ಎಂಬ ದೂತ ಅಣುವನ್ನು ಒಡೆದುಹಾಕುವ ಕಿಣ್ವವನ್ನು ಆ ವಿಷ ಕಟ್ಟಿಹಾಕಿರುತ್ತದೆ. ಅಣು ಗ್ರಾಹಿಗಳ ಮುಂದೆ ರಾಶಿ ಬೀಳುತ್ತದೆ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು, ಎದೆಯಲ್ಲಿ ದ್ರವ ತುಂಬಿ ಉಸಿರು ಗೊರಗೊರ. ವೈದ್ಯರು ಕೊಡುವುದು ಆಟ್ರೊಪಿನ್, ದತ್ತೂರದ ಬೀಜದಲ್ಲಿರುವ ಅದೇ ವಸ್ತು. ಒಂದು ಆಂಪೂಲ್‌ನಲ್ಲಿ 0.6 ಮಿಲಿಗ್ರಾಂ. ಕೆಲವು ಆಂಪೂಲ್ ಹೋದ ಮೇಲೆ ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ. ಗೊರಗೊರ ನಿಂತಿಲ್ಲದಿದ್ದರೆ ಐದು ನಿಮಿಷದಲ್ಲಿ ಪ್ರಮಾಣ ಎರಡರಷ್ಟು, ಮತ್ತೆ ಐದು ನಿಮಿಷದಲ್ಲಿ ಅದರ ಎರಡರಷ್ಟು. ಒಡೆದ ಆಂಪೂಲ್‌ಗಳು ಟ್ರೇಯಲ್ಲಿ ಹತ್ತಾಗಿ, ಇಪ್ಪತ್ತಾಗಿ ಬೀಳುತ್ತಿರುತ್ತವೆ. ನರ್ಸ್ ನಾಡಿ ಎಣಿಸಿ ಹೇಳುತ್ತಾರೆ, ವೈದ್ಯರು ಬಗ್ಗಿ ಬೆನ್ನಿನ ಕಡೆಯಿಂದ ಕೇಳುತ್ತಾರೆ. ಕೊನೆಗೆ ಎರಡೂ ಪುಪ್ಪುಸಗಳಲ್ಲಿ ಗಾಳಿ ತಿಳಿಯಾಗಿ ಹೋಗಿಬರುವುದು ಕೇಳಿಸಿದಾಗ, ಹಾಕುತ್ತಿದ್ದ ಪ್ರಮಾಣವನ್ನು ಕೇಸ್ ಶೀಟಿನಲ್ಲಿ ಬರೆದು ಡ್ರಿಪ್ ಹಚ್ಚುತ್ತಾರೆ.